ಕನ್ನಡದಲ್ಲಿ ಒಂದೇ ‘ಕೇಳು’, ಇಂಗ್ಲಿಷಿನಲ್ಲಿ ಮೂರು!

ಕೆಲಸಕ್ಕೆ ಸೇರಿ ಹದಿನೇಳನೆಯ ದಿನ. ಹುಬ್ಬಳ್ಳಿಯ ಒಂದು ಗ್ರಾಹಕ ಸೇವಾ ಕೇಂದ್ರದಲ್ಲಿ ಅದು ನನ್ನ ಮೊದಲ ನೌಕರಿ. ಕರೆ ಮಾಡುವವರು ಕನ್ನಡದಲ್ಲಿ ಮಾತಾಡುತ್ತಾರೆ, ನಾವೂ ಕನ್ನಡದಲ್ಲೇ ಉತ್ತರಿಸುತ್ತೇವೆ. ಆದರೆ ಕರೆ ಮುಗಿದ ಮೇಲೆ ಏನು ಮಾತಾಯಿತು ಎಂಬುದನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲಿ ಒಂದೆರಡು ಸಾಲು ಬರೆಯಬೇಕು. ಅದಕ್ಕೆ ಸಿಗುವುದು ಒಂದು ನಿಮಿಷವೂ ಇಲ್ಲ. ಅಷ್ಟರಲ್ಲಿ ಮುಂದಿನ ಕರೆ ಬಂದಿರುತ್ತದೆ.

ಅಂದು ಕರೆ ಮಾಡಿದವರು ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಕೆಟ್ಟಿದ್ದ ಮಿಕ್ಸರನ್ನು ವಾಪಸ್ ಕಳಿಸಿದ್ದರು, 2,350 ರೂಪಾಯಿ ಮರಳಿ ಬರಬೇಕಿತ್ತು. ‘ರೊಕ್ಕ ಯಾವಾಗ ಬರ್ತದವಾ?’ ಎಂದು ಕೇಳಿದರು. ‘ವಿಚಾರಿಸಿ ತಿಳಿಸುತ್ತೇವೆ ಸರ್’ ಎಂದೆ. ಫೋನಿಟ್ಟವಳೇ ಟೈಪ್ ಮಾಡಿದೆ: ‘ಕಸ್ಟಮರ್ ಹರ್ಡ್ ಅಬೌಟ್ ರಿಫಂಡ್.’ ನನ್ನ ತಲೆಯಲ್ಲಿದ್ದದ್ದು ‘ಗ್ರಾಹಕರು ರಿಫಂಡ್ ಬಗ್ಗೆ ಕೇಳಿದರು’ ಎಂಬ ವಾಕ್ಯ. ಕೇಳು ಅಂದರೆ ಹಿಯರ್, ಕೇಳಿದರು ಅಂದರೆ ಹರ್ಡ್. ಪ್ರೈಮರಿಯಲ್ಲಿ ಬಾಯಿಪಾಠ ಮಾಡಿದ್ದು ಹಾಗೇ.

ಬೇರೆ ಊರಿನಲ್ಲಿ ಕೂತು ಅದನ್ನು ಓದಿದ ಹಣ ಮರುಪಾವತಿ ವಿಭಾಗದವರಿಗೆ ಅರ್ಥವಾದದ್ದೇ ಬೇರೆ: ‘ರಿಫಂಡ್ ವಿಷಯ ಗ್ರಾಹಕರಿಗೆ ತಿಳಿದಿದೆ.’ ತಿಳಿದಿದೆ ಅಂದಮೇಲೆ ಇನ್ನೇನು ಕೆಲಸ? ದೂರನ್ನು ಮುಗಿದವುಗಳ ಪಟ್ಟಿಗೆ ಸೇರಿಸಿಬಿಟ್ಟರು.

ಒಂಬತ್ತು ದಿನ ಬಿಟ್ಟು ಅದೇ ಮೇಷ್ಟ್ರು ಮತ್ತೆ ಕರೆ ಮಾಡಿದರು. ‘ಹೋದ ವಾರನ ಕೇಳಿದ್ನೆಲ್ಲವಾ, ಯಾರೂ ಕಿವ್ಯಾಗ ಹಾಕ್ಕೊಳ್ಳಲಿಲ್ಲೇನು?’ ಹಳೆಯ ಟಿಪ್ಪಣಿ ತೆರೆದು ನೋಡಿದಾಗ ಕೆಳಗೆ ನನ್ನದೇ ಹೆಸರು. ಟೀಮ್ ಲೀಡರ್ ಕರೆದು ಕೂರಿಸಿಕೊಂಡರು. ಬೈಯಲಿಲ್ಲ. ಆದರೆ ನನ್ನ ಪ್ರೊಬೇಷನ್ ಒಂದು ತಿಂಗಳು ಮುಂದಕ್ಕೆ ಹೋಯಿತು. ಆ ತಿಂಗಳಿನಿಂದ ಸಂಬಳ ಹೆಚ್ಚಾಗುತ್ತದೆಂದು ಮನೆಯಲ್ಲಿ ಹೇಳಿಬಿಟ್ಟಿದ್ದೆ.

ನನಗೆ ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಆಸ್ಕ್ ಎಂಬ ಪದ ನನಗೆ ಗೊತ್ತಿರಲಿಲ್ಲವೇ? ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಹಾಗಾದರೆ ತಪ್ಪಾದದ್ದು ಎಲ್ಲಿ?

ಒಂದೇ ಹೊಲ, ಮೂರು ಬದು

ಇದನ್ನು ಬಿಡಿಸಿ ಹೇಳಿದವರು ನನ್ನ ಪದವಿ ಕಾಲೇಜಿನ ಇಂಗ್ಲಿಷ್ ಮೇಡಂ. ಅವರು ಹೇಳಿದ್ದು ಇಷ್ಟು: ಒಂದು ಭಾಷೆಯಲ್ಲಿ ಒಂದೇ ಹೊಲವಾಗಿ ಇರುವುದನ್ನು ಇನ್ನೊಂದು ಭಾಷೆ ಬದು ಹಾಕಿ ಎರಡು ಮೂರು ಭಾಗ ಮಾಡಿರುತ್ತದೆ. ನಾವು ಪದವನ್ನು ಕಲಿಯುತ್ತೇವೆ, ಬದು ಎಲ್ಲಿದೆ ಅಂತ ನೋಡುವುದಿಲ್ಲ.

‘ಕೇಳು’ ಪದವನ್ನೇ ನೋಡಿ. ಸದ್ದು ತಾನಾಗಿ ಕಿವಿಗೆ ಬಿದ್ದರೆ ಹಿಯರ್. ನಾವಾಗಿ ಮನಸ್ಸಿಟ್ಟು ಆಲಿಸಿದರೆ ಲಿಸನ್. ಪ್ರಶ್ನೆ ಹಾಕಿದರೆ, ಏನಾದರೂ ಬೇಡಿದರೆ ಆಸ್ಕ್. ಮಳೆಯ ಸದ್ದು ಹಿಯರ್, ಪಾಠ ಲಿಸನ್, ಅಪ್ಪನ ಹತ್ತಿರ ದುಡ್ಡು ಆಸ್ಕ್. ನಾವು ಮೂರಕ್ಕೂ ಕೇಳಿದೆ ಎನ್ನುತ್ತೇವೆ. ಹಾಗಂತ ಕನ್ನಡಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ ಎಂದಲ್ಲ. ‘ಕೇಳಿಸಿತು’ ಅಂದರೆ ಹಿಯರ್, ‘ಆಲಿಸಿದೆ’ ಅಂದರೆ ಲಿಸನ್, ‘ವಿಚಾರಿಸಿದೆ’ ಅಂದರೆ ಆಸ್ಕ್. ಇಂಗ್ಲಿಷಿಗೆ ಹೋಗುವ ಮೊದಲು ನಮ್ಮ ವಾಕ್ಯವನ್ನು ನಮ್ಮ ಭಾಷೆಯಲ್ಲೇ ಒಮ್ಮೆ ಸ್ಪಷ್ಟ ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

‘ನೋಡು’ ಕೂಡ ಹೀಗೆಯೇ. ಬಸ್ ಸ್ಟ್ಯಾಂಡಿನಲ್ಲಿ ಗೆಳತಿ ಕಣ್ಣಿಗೆ ಬಿದ್ದರೆ ಸೀ. ಗೋಡೆಯ ಮೇಲಿನ ವೇಳಾಪಟ್ಟಿಯತ್ತ ದೃಷ್ಟಿ ಹಾಯಿಸಿದರೆ ಲುಕ್ ಅಟ್. ಟಿವಿಯಲ್ಲಿ ಕ್ರಿಕೆಟ್ ಪಂದ್ಯವನ್ನು ಕೂತು ನೋಡಿದರೆ ವಾಚ್, ಅಂದರೆ ನಡೆಯುತ್ತಿರುವ ಸಂಗತಿಯನ್ನು ಸ್ವಲ್ಪ ಹೊತ್ತು ಗಮನಿಸುವುದು. ‘ಡಾಕ್ಟರನ್ನು ನೋಡಬೇಕು’ ಎನ್ನುವಾಗ ಸೀ ಬಳಸಿ. ವಾಚ್ ಬಳಸಿದರೆ ಡಾಕ್ಟರ್ ಮೇಲೆ ಕಣ್ಣಿಟ್ಟು ಕಾಯಬೇಕು ಎಂದಾಗುತ್ತದೆ.

‘ಹೇಳು’ ಇಂಗ್ಲಿಷಿನಲ್ಲಿ ಸೇ ಮತ್ತು ಟೆಲ್ ಎಂದು ಎರಡಾಗುತ್ತದೆ. ಟೆಲ್ ಬಂದರೆ ಸಾಮಾನ್ಯವಾಗಿ ಅದರ ಹಿಂದೆಯೇ ಯಾರಿಗೆ ಎಂಬುದು ಬರಬೇಕು: ‘ಹಿ ಟೋಲ್ಡ್ ಮಿ.’ ಸೇ ಬಂದರೆ ಏನು ಹೇಳಿದರು ಎಂಬುದು ಮುಖ್ಯ: ‘ಹಿ ಸೆಡ್ ದಟ್...’ ನಮ್ಮ ಬಾಯಲ್ಲಿ ಬರುವ ‘ಹಿ ಸೆಡ್ ಮಿ’ ಎರಡೂ ಕಡೆ ಸಲ್ಲದ ವಾಕ್ಯ.

ಬಾರೋ ಮತ್ತು ಲೆಂಡ್ ಕಥೆಯಲ್ಲಿ ಮುಖ್ಯವಾಗುವುದು ದಿಕ್ಕು. ಕನ್ನಡದಲ್ಲಿ ಸಾಲ ಅಥವಾ ಕಡ ಎಂಬ ಒಂದೇ ಪದಕ್ಕೆ ‘ಕೊಡು’, ‘ತಗೋ’ ಸೇರಿಸಿ ದಿಕ್ಕು ತೋರಿಸುತ್ತೇವೆ. ಇಂಗ್ಲಿಷಿನಲ್ಲಿ ತಗೊಳ್ಳುವುದು ಬಾರೋ, ಕೊಡುವುದು ಲೆಂಡ್. ಹಾಗಾಗಿ ‘ಬಾರೋ ಮಿ ಎ ಪೆನ್’ ತಪ್ಪು, ‘ಲೆಂಡ್ ಮಿ ಎ ಪೆನ್’ ಸರಿ. ಪೆನ್ನಿನ ವಿಷಯದಲ್ಲಿ ತಪ್ಪಿದರೆ ನಕ್ಕು ಬಿಡಬಹುದು. ಬ್ಯಾಂಕಿನ ಸಾಲಪತ್ರದಲ್ಲಿ ಬಾರೋವರ್ ಎಂದಿರುವ ಕಡೆ ಸಹಿ ಮಾಡುವವರು ಸಾಲ ತೀರಿಸಬೇಕಾದವರು ಎಂಬುದು ಮಾತ್ರ ನೆನಪಿರಲಿ.

ಕಾಲದ ಲೆಕ್ಕ

ಬಯೋಡೇಟಾಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ‘ಸಿನ್ಸ್ ಟೂ ಇಯರ್ಸ್’. ಇದರ ಮೂಲ ನಮ್ಮ ‘ಇಂದ’ ಪ್ರತ್ಯಯ. ‘2022ರಿಂದ ಕೆಲಸ ಮಾಡುತ್ತಿದ್ದೇನೆ’ ಎನ್ನುತ್ತೇವೆ, ‘ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂದೂ ಎನ್ನುತ್ತೇವೆ. ಎರಡರಲ್ಲೂ ‘ಇಂದ’ ಇದೆ. ಇಂಗ್ಲಿಷಿನಲ್ಲಿ ಮೊದಲನೆಯದು ಸಿನ್ಸ್, ಎರಡನೆಯದು ಫಾರ್. ನಾನು ಮಾಡಿಕೊಂಡಿರುವ ಪರೀಕ್ಷೆ ಸರಳ: ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದರೆ ಸಿನ್ಸ್, ಬೆರಳು ಮಡಚಿ ಎಣಿಸಬೇಕಾದರೆ ಫಾರ್. ಜೊತೆಗೆ ವಾಕ್ಯ ‘ಐ ಆಮ್ ವರ್ಕಿಂಗ್’ ಅಲ್ಲ, ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಟೂ ಇಯರ್ಸ್’ ಆಗಬೇಕು.

ಬೈ ಮತ್ತು ಅಂಟಿಲ್ ವಿಷಯದಲ್ಲಿ ಕನ್ನಡವೇ ನಮಗೆ ಮೇಷ್ಟ್ರು. ‘ಶುಕ್ರವಾರದೊಳಗೆ ಅರ್ಜಿ ಕಳಿಸಿ’ ಎನ್ನುವಲ್ಲಿ ಬೈ. ‘ಶುಕ್ರವಾರದ ತನಕ ಕಚೇರಿ ತೆರೆದಿರುತ್ತದೆ’ ಎನ್ನುವಲ್ಲಿ ಅಂಟಿಲ್. ಒಮ್ಮೆ ಮುಗಿದುಹೋಗುವ ಕೆಲಸಕ್ಕೆ ‘ಒಳಗೆ’, ಅಲ್ಲಿಯವರೆಗೂ ನಡೆಯುತ್ತಲೇ ಇರುವುದಕ್ಕೆ ‘ತನಕ’. ಮೇಲಧಿಕಾರಿಗೆ ‘ಐ ವಿಲ್ ಸೆಂಡ್ ದ ರಿಪೋರ್ಟ್ ಅಂಟಿಲ್ ಫ್ರೈಡೇ’ ಎಂದು ಬರೆದರೆ, ಶುಕ್ರವಾರ ಬರುವ ತನಕ ಒಂದೇ ವರದಿಯನ್ನು ಕಳಿಸುತ್ತಲೇ ಇರುತ್ತೇನೆ ಎಂದಂತಾಗುತ್ತದೆ!

ಸಂದರ್ಶನದಲ್ಲಿ ಪೆಟ್ಟು ಕೊಡುವ ಇನ್ನೊಂದು ಜೋಡಿ ಇದೆ. ನನ್ನ ಗೆಳತಿಯೊಬ್ಬಳನ್ನು ಹವ್ಯಾಸದ ಬಗ್ಗೆ ಕೇಳಿದಾಗ ‘ಐ ಯೂಸ್ಡ್ ಟು ರೀಡ್ ನ್ಯೂಸ್‌ಪೇಪರ್ ಡೈಲಿ’ ಎಂದಳಂತೆ. ‘ಈಗ ಯಾಕೆ ಬಿಟ್ಟಿರಿ?’ ಎಂದು ಅವರು ಕೇಳಿದರು. ಇವಳಿಗೆ ಗಲಿಬಿಲಿ. ಯೂಸ್ಡ್ ಟು ಅಂದರೆ ಹಿಂದೆ ಮಾಡುತ್ತಿದ್ದೆ, ಈಗ ಇಲ್ಲ ಎಂದು. ದಿನಾ ಓದುತ್ತೇನೆ ಎನ್ನಲು ‘ಐ ರೀಡ್’ ಸಾಕು. ‘ಐ ಆಮ್ ಯೂಸ್ಡ್ ಟು’ ಎಂದರೆ ಅರ್ಥ ಮತ್ತೆ ಬೇರೆ: ಅದು ನನಗೆ ರೂಢಿಯಾಗಿದೆ ಎಂದು. ರಾತ್ರಿ ಪಾಳಿ ನಿಮಗೆ ಒಗ್ಗಿದೆಯೇ ಎಂದು ಕೇಳಿದಾಗ ಹೇಳಬೇಕಾದದ್ದು ಇದನ್ನು. ನಡುವಿನ ‘ಆಮ್’ ಬಿಟ್ಟುಹೋದರೆ ಉತ್ತರವೇ ಬದಲಾಗುತ್ತದೆ.

‘ಲಿ’ ಸೇರಿಸಿದರೆ ಸಾಲದು

ಕನ್ನಡದಲ್ಲಿ ‘ಆಗಿ’ ಸೇರಿಸಿದಂತೆ ಇಂಗ್ಲಿಷಿನಲ್ಲಿ ‘ಲಿ’ ಸೇರಿಸಬೇಕು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಸ್ಲೋ, ಸ್ಲೋಲಿ. ಕ್ಲಿಯರ್, ಕ್ಲಿಯರ್ಲಿ. ಬಹುತೇಕ ಇದು ಸರಿಯೇ. ಆದರೆ ‘ಐ ವರ್ಕ್ ಹಾರ್ಡ್’ ಎಂದರೆ ಕಷ್ಟಪಟ್ಟು ದುಡಿಯುತ್ತೇನೆ, ‘ಐ ಹಾರ್ಡ್ಲಿ ವರ್ಕ್’ ಎಂದರೆ ನಾನು ಕೆಲಸ ಮಾಡುವುದೇ ಅಪರೂಪ! ಲೇಟ್ ಅಂದರೆ ತಡವಾಗಿ, ಲೇಟ್ಲಿ ಅಂದರೆ ಇತ್ತೀಚೆಗೆ. ನಿಯರ್ ಅಂದರೆ ಹತ್ತಿರ, ನಿಯರ್ಲಿ ಅಂದರೆ ಹೆಚ್ಚುಕಡಿಮೆ. ಎಸ್‌ಎಸ್‌ಸಿ, ಐಬಿಪಿಎಸ್ ಪರೀಕ್ಷೆಗಳ ಇಂಗ್ಲಿಷ್ ವಿಭಾಗದಲ್ಲಿ ವಾಕ್ಯದ ತಪ್ಪು ಹುಡುಕುವ ಪ್ರಶ್ನೆಗಳಿಗೆ ತಯಾರಾಗುವವರು ಇಂಥ ಜೋಡಿಗಳ ಮೇಲೆ ಕಣ್ಣಿಡುವುದು ಒಳ್ಳೆಯದು.

ಇಂಗ್ಲಿಷಿನವರೂ ಎಡವಿದ್ದಾರೆ

ಇಷ್ಟೆಲ್ಲ ಓದಿ ‘ನಮ್ಮಂಥ ಕನ್ನಡ ಮಾಧ್ಯಮದವರ ಹಣೆಬರಹವೇ ಇಷ್ಟು’ ಎಂದು ಬೇಸರ ಮಾಡಿಕೊಳ್ಳಬೇಡಿ. ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡುವುದು ಎಂದರೆ ಬ್ರಿಟಿಷರಿಗೆ ಈಗಲೇ ಚರ್ಚೆಗೆ ತೆಗೆದುಕೊಳ್ಳುವುದು, ಅಮೆರಿಕನ್ನರಿಗೆ ಸದ್ಯಕ್ಕೆ ಬದಿಗಿಡುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶದವರ ಸಭೆಯೊಂದರಲ್ಲಿ ಈ ಒಂದು ಪದಕ್ಕಾಗಿ ದೀರ್ಘ ವಾದವೇ ನಡೆಯಿತು ಎಂದು ವಿನ್‌ಸ್ಟನ್ ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ, ಜಗಳವಾಡಿದ್ದು ಪದಕ್ಕೆ.

ನಮ್ಮ ದೇಶದ ಇಂಗ್ಲಿಷಿಗೂ ತನ್ನದೇ ಪದಗಳಿವೆ. ಮುಂದೂಡುವುದಕ್ಕೆ ಪೋಸ್ಟ್‌ಪೋನ್ ಇದ್ದಂತೆ ಹಿಂದಕ್ಕೆ ತರುವುದಕ್ಕೆ ನಾವು ಬಳಸುವ ಪ್ರಿಪೋನ್ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿದೆ. ಹಾಗಾಗಿ ಇವನ್ನೆಲ್ಲ ತಪ್ಪು ಎನ್ನುವಂತಿಲ್ಲ. ಎದುರಿಗಿರುವವರು ಯಾರು ಎಂಬುದಷ್ಟೇ ಪ್ರಶ್ನೆ. ‘ಐ ಪಾಸ್ಡ್ ಔಟ್ ಇನ್ 2023’ ಎಂದರೆ ಧಾರವಾಡದ ಸಂದರ್ಶಕರಿಗೆ ಪದವಿ ಮುಗಿಸಿದ್ದು ಎಂದೇ ಅರ್ಥ. ಅದೇ ಮಾತು ವಿದೇಶಿ ಗ್ರಾಹಕರಿಗೆ ‘2023ರಲ್ಲಿ ಪ್ರಜ್ಞೆ ತಪ್ಪಿ ಬಿದ್ದೆ’ ಎಂದು ಕೇಳಿಸಬಹುದು. ‘ಐ ಗ್ರಾಜುಯೇಟೆಡ್’ ಎಂದರೆ ಎಲ್ಲರಿಗೂ ಒಂದೇ ಅರ್ಥ. ಉತ್ತರಿಸುತ್ತೇನೆ ಎನ್ನಲು ನಾವು ಬಳಸುವ ರಿವರ್ಟ್ ಪದದ ಮೂಲ ಅರ್ಥ ಹಿಂದಿನ ಸ್ಥಿತಿಗೆ ಮರಳುವುದು. ರಿಪ್ಲೈ ಎಂದರೆ ಗೊಂದಲವಿಲ್ಲ. ‘ಐ ಹ್ಯಾವ್ ಎ ಡೌಟ್’ ಎಂದು ನಾವು ಪ್ರಶ್ನೆ ಕೇಳುತ್ತೇವೆ, ಹೊರಗಿನವರಿಗೆ ಅದು ‘ನಿಮ್ಮ ಮಾತಿನ ಮೇಲೆ ನಂಬಿಕೆ ಇಲ್ಲ’ ಎಂದಂತೆ ತೋರಬಹುದು. ಅಲ್ಲಿ ಕ್ವೆಶ್ಚನ್ ಸಾಕು.

ಆಫರ್ ಲೆಟರಿನಲ್ಲಿ ಅಡಗಿರುವ ಜೋಡಿಗಳು

ಮಾತಿನಲ್ಲಿ ತಪ್ಪಿದರೆ ತಿದ್ದಿಕೊಳ್ಳಬಹುದು. ಸಹಿ ಹಾಕಿದ ಕಾಗದದಲ್ಲಿ ತಿದ್ದಿಕೊಳ್ಳಲಾಗದು. ಕಳೆದ ವರ್ಷ ನನ್ನ ತಮ್ಮನಿಗೆ ಬೆಂಗಳೂರಿನ ಒಂದು ಕಂಪನಿಯಿಂದ ಪತ್ರ ಬಂತು. ಮನೆಯಲ್ಲಿ ಸಿಹಿ ಹಂಚಿಯೂ ಆಗಿತ್ತು. ನಾನು ಸಂಜೆ ಕೂತು ಸಾಲು ಸಾಲಾಗಿ ಓದಿದೆ.

ಮೊದಲ ಪುಟದಲ್ಲೇ ‘ಅಪ್ ಟು 18,000’ ಎಂದಿತ್ತು. ನಾವೆಲ್ಲ ಹದಿನೆಂಟು ಸಾವಿರ ಸಂಬಳ ಎಂದುಕೊಂಡಿದ್ದೆವು. ಅಪ್ ಟು ಅಂದರೆ ಗರಿಷ್ಠ ಅಷ್ಟು, ಕನಿಷ್ಠ ಎಷ್ಟು ಎಂದು ಅದು ಹೇಳುವುದಿಲ್ಲ. ಅಟ್ ಲೀಸ್ಟ್ ಎಂದಿದ್ದರೆ ಮಾತು ಬೇರೆ. ಇನ್ನೊಂದು ಕಡೆ ‘ಎಲಿಜಿಬಲ್ ಫಾರ್ ಬೋನಸ್’ ಎಂದಿತ್ತು. ಎಲಿಜಿಬಲ್ ಅಂದರೆ ಪಡೆಯಲು ಅರ್ಹ, ಪರಿಗಣಿಸಬಹುದು. ಎನ್‌ಟೈಟಲ್ಡ್ ಅಂದರೆ ಅದು ನಿಮ್ಮ ಹಕ್ಕು. ‘ಮೇ’ ಎಂದಿದ್ದರೆ ಕಂಪನಿ ಮಾಡಬಹುದು, ಬಿಡಲೂಬಹುದು. ‘ಶಾಲ್’ ಎಂದಿದ್ದರೆ ಮಾಡಲೇಬೇಕು. ಸ್ಟೈಪೆಂಡ್ ಸಾಮಾನ್ಯವಾಗಿ ತರಬೇತಿಯ ಅವಧಿಗೆ ಕೊಡುವ ಭತ್ಯೆ, ಸ್ಯಾಲರಿ ನೌಕರನ ಸಂಬಳ. ತಮ್ಮನ ಪತ್ರದಲ್ಲಿ ಮೊದಲ ಆರು ತಿಂಗಳಿಗೆ ಇದ್ದ ಪದ ಸ್ಟೈಪೆಂಡ್.

ಗ್ರಾಸ್ ಮತ್ತು ನೆಟ್ ಬಗ್ಗೆ ವಿವರಿಸುವಾಗ ಪಕ್ಕದಲ್ಲಿ ಕೂತಿದ್ದ ಅಪ್ಪ ನನಗಿಂತ ಮೊದಲು ಅರ್ಥ ಮಾಡಿಕೊಂಡರು. ಪ್ರತಿವರ್ಷ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವವರು ಅವರು. ‘ಚೀಲ ಸಮೇತ ತೂಗಿದ್ರ ಗ್ರಾಸ್, ಚೀಲ ಕಳದ್ರ ನೆಟ್. ಇಷ್ಟ ಅಲ್ಲೇನ?’ ಎಂದರು. ಇಷ್ಟೇ. ಕಡಿತಕ್ಕೆ ಮೊದಲಿನ ಸಂಬಳ ಗ್ರಾಸ್, ಭವಿಷ್ಯ ನಿಧಿ, ವೃತ್ತಿ ತೆರಿಗೆ ಇತ್ಯಾದಿ ಕಳೆದು ಕೈಗೆ ಬರುವುದು ನೆಟ್. ಸಿಟಿಸಿ ಇವೆರಡಕ್ಕಿಂತ ದೊಡ್ಡ ಅಂಕಿ. ಕಂಪನಿ ತನ್ನ ಪಾಲಿನಿಂದ ಭವಿಷ್ಯ ನಿಧಿಗೆ ಕಟ್ಟುವ ಹಣ, ಗ್ರಾಚ್ಯುಟಿ, ವಿಮೆಯ ಕಂತು ಹೀಗೆ ನಿಮಗಾಗಿ ಮಾಡುವ ಖರ್ಚೂ ಅದರಲ್ಲಿ ಸೇರಿರುತ್ತದೆ. ಇದನ್ನು ಕೇಳಿ ಅಪ್ಪ, ‘ಹಂಗಂದ್ರ ಗಾಡಿ ಬಾಡಿಗಿನೂ ನಿನ್ನ ಲೆಕ್ಕಕ್ಕ ಹಿಡದಾರ’ ಎಂದು ನಕ್ಕರು.

ತಮ್ಮ ಮೂರೇ ಪ್ರಶ್ನೆಗಳ ಒಂದು ಮೇಲ್ ಬರೆದ: ಮೊದಲ ತಿಂಗಳಿನಿಂದ ಕೈಗೆ ಬರುವ ಮೊತ್ತ ಎಷ್ಟು, ಅದು ಎಷ್ಟು ತಿಂಗಳು, ಬಳಿಕ ಎಷ್ಟು. ಉತ್ತರ ಎರಡು ದಿನದಲ್ಲಿ ಬಂತು. ಆರು ತಿಂಗಳು ಬರುವುದು 10,000 ರೂಪಾಯಿ ಮಾತ್ರ. ಅವನು ಕೆಲಸಕ್ಕೇನೋ ಸೇರಿದ. ಆದರೆ ಮುಂಗಡ ಕೊಡಲು ಹೊರಟಿದ್ದ ಬಾಡಿಗೆ ಕೋಣೆಯನ್ನು ಬಿಟ್ಟು ಆರು ತಿಂಗಳು ಚಿಕ್ಕಪ್ಪನ ಮನೆಯಲ್ಲಿ ಉಳಿದ. ಪತ್ರವನ್ನು ಸರಿಯಾಗಿ ಓದದೇ ಹೋಗಿದ್ದರೆ ಎರಡನೇ ತಿಂಗಳಿಗೇ ಊರಿನಿಂದ ದುಡ್ಡು ತರಿಸಿಕೊಳ್ಳಬೇಕಾಗುತ್ತಿತ್ತು.

ನಾನು ಮಾಡುವ ಅಭ್ಯಾಸ

ಆ ‘ಹರ್ಡ್’ ಪ್ರಸಂಗದ ನಂತರ ಮೂರು ಅಭ್ಯಾಸ ಮಾಡಿಕೊಂಡೆ. ಮೊದಲನೆಯದು, ಪದವನ್ನು ಒಂಟಿಯಾಗಿ ಬರೆದುಕೊಳ್ಳುವುದಿಲ್ಲ. ನನ್ನ ನೋಟ್‌ಬುಕ್ಕಿನ ಎಡಪುಟದಲ್ಲಿ ಒಂದು ಕನ್ನಡ ಪದ, ಬಲಪುಟದಲ್ಲಿ ಅದಕ್ಕೆ ಇಂಗ್ಲಿಷಿನಲ್ಲಿ ಸಿಗುವ ಎರಡು ಮೂರು ಪದ, ಪ್ರತಿಯೊಂದಕ್ಕೂ ನನ್ನದೇ ದಿನಚರಿಯ ಒಂದು ವಾಕ್ಯ. ಪುಸ್ತಕದ ವಾಕ್ಯ ಮರೆತುಹೋಗುತ್ತದೆ, ನಮ್ಮ ಮನೆಯ ವಾಕ್ಯ ನೆನಪಿರುತ್ತದೆ.

ಎರಡನೆಯದು, ಕಲಿಯುವವರಿಗಾಗಿಯೇ ಇರುವ ನಿಘಂಟು ಬಳಸುವುದು. ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆಂದು ಅದನ್ನು ಸಿದ್ಧಪಡಿಸಿದರು. 1942ರಲ್ಲಿ ಅದು ಮೊದಲು ಪ್ರಕಟವಾದದ್ದು ಬೇರೆ ಹೆಸರಿನಲ್ಲಿ, ಟೋಕಿಯೋದಲ್ಲಿ. ಅರ್ಥಕ್ಕಿಂತ ಹೆಚ್ಚಾಗಿ ಅದರಲ್ಲಿನ ಉದಾಹರಣೆ ವಾಕ್ಯಗಳನ್ನು ಓದಿ. ಪದ ಯಾವ ಪದದ ಜೊತೆ ಕೂರುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಳಿಸುವ ಗುಂಡಿ ಒತ್ತುವ ಮೊದಲು, ಬರೆದ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿ ತಿರುಗಿ ಕನ್ನಡ ಮಾಡಿ ಓದುತ್ತೇನೆ. ‘ಕಸ್ಟಮರ್ ಹರ್ಡ್’ ಎಂಬುದನ್ನು ಅಂದು ಹಾಗೆ ತಿರುಗಿಸಿದ್ದರೆ ‘ಗ್ರಾಹಕರ ಕಿವಿಗೆ ಬಿತ್ತು’ ಎಂದಾಗುತ್ತಿತ್ತು, ಅಲ್ಲೇ ಸಿಕ್ಕಿಬೀಳುತ್ತಿತ್ತು. ಐದು ಸೆಕೆಂಡಿನ ಕೆಲಸ.

ಇನ್ನೊಂದು ಮಾತು. ಬದುಗಳು ಇಂಗ್ಲಿಷಿನಲ್ಲಿ ಮಾತ್ರ ಇಲ್ಲ. ನಮ್ಮ ಅಕ್ಕಿಯೂ ಅನ್ನವೂ ಇಂಗ್ಲಿಷಿಗೆ ಬರೀ ರೈಸ್. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರೂ ಅಲ್ಲಿ ಒಬ್ಬನೇ ಅಂಕಲ್. ಅಕ್ಕನಿಗೂ ತಂಗಿಗೂ ಸಿಸ್ಟರ್ ಒಂದೇ. ನೀನು, ನೀವು ಎರಡಕ್ಕೂ ಯೂ. ಕನ್ನಡ ಕಲಿಯಲು ಬಂದ ಹೊರರಾಜ್ಯದ ಸಹೋದ್ಯೋಗಿಯೊಬ್ಬರು ನಮ್ಮ ಮ್ಯಾನೇಜರಿಗೆ ‘ನೀನು ಊಟ ಮಾಡಿದೆಯಾ?’ ಎಂದಾಗ ನಾವೆಲ್ಲ ನಕ್ಕಿದ್ದೆವು. ಅವರು ಎಡವಿದ್ದು ನಮ್ಮ ಬದುವಿನಲ್ಲಿ, ನಾನು ಎಡವಿದ್ದು ಅವರದರಲ್ಲಿ. ಅಷ್ಟೇ ವ್ಯತ್ಯಾಸ. ಅದಕ್ಕೆ ದಡ್ಡತನ ಎಂಬ ಹೆಸರು ಬೇಡ.

ಆ ಮೇಷ್ಟ್ರ ದೂರನ್ನು ನಾನು ಮತ್ತೆ ತೆರೆಸಿದೆ. ನಾಲ್ಕು ದಿನಕ್ಕೆ ಹಣ ಜಮಾ ಆಯಿತು. ಅದರ ಮರುದಿನ ಅವರೇ ಕರೆ ಮಾಡಿದರು. ಎದೆ ಧಸಕ್ಕೆಂದಿತು, ಮತ್ತೇನು ತಪ್ಪಾಯಿತೋ ಎಂದು. ‘ಏನೂ ಕೇಳಾಕ ಮಾಡಿಲ್ಲವಾ, ರೊಕ್ಕ ಬಂತು ಅಂತ ಹೇಳಾಕ ಮಾಡೀನಿ’ ಎಂದರು.

ಕರೆ ಮುಗಿದ ಮೇಲೆ ಟಿಪ್ಪಣಿ ಬರೆಯಲೇಬೇಕಲ್ಲ. ಬರೆದೆ, ಒಮ್ಮೆ ತಿರುಗಿಸಿ ಓದಿದೆ, ಆಮೇಲೆ ಕಳಿಸಿದೆ: ‘ಕಸ್ಟಮರ್ ರಿಸೀವ್ಡ್ ರಿಫಂಡ್. ಆಸ್ಕ್ಡ್ ನಥಿಂಗ್.’